‘ಮಾನ್ಯ ಶಾಸಕರು, ಮಂಗಳೂರು’ ಎಂದರೆ ಯಾವ ಮಂಗಳೂರು?

ಸಂಪಾದಕರಿಗೆ,

ಮಾನ್ಯರೇ,

ಅಂಚೆ ಇಲಾಖೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ದುಡಿದು ನಿವೃತ್ತನಾದವನು ನಾನು. ಅರೆಬರೆ ವಿಳಾಸದ ಲಕೋಟೆಗಳನ್ನು ಓದಿ, ಬರೆದವರ ಮನಸ್ಸಿನಲ್ಲಿ ಇದ್ದದ್ದು ಯಾವ ಮನೆ, ಯಾವ ಕಚೇರಿ ಎಂದು ಊಹಿಸುವುದು ನಮ್ಮ ಕೆಲಸದ ಒಂದು ಭಾಗವೇ ಆಗಿತ್ತು. ಹಾಗೆ ಊಹಿಸಿಯೂ ಗೊತ್ತಾಗದೆ ಬದಿಗಿಡುತ್ತಿದ್ದ ಲಕೋಟೆಗಳಲ್ಲಿ ‘ಮಾನ್ಯ ಶಾಸಕರು, ಮಂಗಳೂರು’ ಎಂದಷ್ಟೇ ಬರೆದವೂ ಇರುತ್ತಿದ್ದವು. ಆಗ ಅದೊಂದು ತಮಾಷೆಯೆಂದೇ ನಮಗೆ ತೋರುತ್ತಿತ್ತು. ಈ ಮಳೆಗಾಲದಲ್ಲಿ ನನ್ನ ಸ್ವಂತ ಭಾವನೇ ಅಂಥದೊಂದು ಪತ್ರ ಬರೆದು ಮೂರು ತಿಂಗಳು ಅಲೆದದ್ದನ್ನು ಕಂಡ ಮೇಲೆ ನನಗೆ ನಗು ಬರುತ್ತಿಲ್ಲ.

ಅಕ್ಕನ ಮನೆ ಇರುವುದು ಕೂಳೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ಕ್ಕೆ ತಾಗಿದ ಒಂದು ಓಣಿಯಲ್ಲಿ. ಹೆದ್ದಾರಿ ಬದಿಯ ಚರಂಡಿ ಮಣ್ಣು ತುಂಬಿ ಕಟ್ಟಿಕೊಂಡದ್ದರಿಂದ ಜೂನ್ ತಿಂಗಳ ಮೊದಲ ದೊಡ್ಡ ಮಳೆಗೇ ನೀರೆಲ್ಲ ಅವರ ಅಂಗಳಕ್ಕೆ ನುಗ್ಗಿ ತೆಂಗಿನ ಬುಡದ ಗೊಬ್ಬರವನ್ನೂ ಬಾವಿಕಟ್ಟೆಯ ಮಣ್ಣನ್ನೂ ಕೊಚ್ಚಿಕೊಂಡು ಹೋಯಿತು. ಭಾವ ಬ್ಯಾಂಕಿನಲ್ಲಿದ್ದವರು, ಮಾತಿಗಿಂತ ಕಾಗದವನ್ನು ನಂಬುವವರು. ಮೂರು ಪುಟದ ಮನವಿ ಬರೆದು, ಚಿತ್ರ ಲಗತ್ತಿಸಿ, ಮಂಗಳೂರು ಕ್ಷೇತ್ರದ ಶಾಸಕರ ಹೆಸರಿಗೆ ಕಳುಹಿಸಿದರು. ಕೆಲವು ದಿನಗಳ ನಂತರ ಅಲ್ಲಿಂದ ಫೋನ್ ಮಾಡಿದವರು ಬಹಳ ಮರ್ಯಾದೆಯಿಂದಲೇ, ‘ನಿಮ್ಮ ಮನೆ ನಮ್ಮ ಕ್ಷೇತ್ರಕ್ಕೆ ಸೇರುವುದಿಲ್ಲ’ ಎಂದು ತಿಳಿಸಿದರು. “ನೀನು ಪೋಸ್ಟಿನಲ್ಲಿ ಇದ್ದವನಲ್ಲವಾ, ನಾನು ಮಂಗಳೂರಿನಲ್ಲಿ ಇದ್ದು ಮಂಗಳೂರಿನ ಶಾಸಕರಿಗೆ ಬರೆದದ್ದು ಹೇಗೆ ತಪ್ಪಾಯಿತು ಹೇಳು ನೋಡುವ” ಎಂದು ಭಾವ ನನ್ನನ್ನು ಕೇಳಿದರು.

ತಪ್ಪಾದದ್ದು ಹೀಗೆ. ಮಂಗಳೂರಿನ ಹೆಸರು ಹೊತ್ತ ವಿಧಾನಸಭಾ ಕ್ಷೇತ್ರಗಳು ಮೂರು ಇವೆ. 202 ಮಂಗಳೂರು ನಗರ ಉತ್ತರ, 203 ಮಂಗಳೂರು ನಗರ ದಕ್ಷಿಣ, 204 ಮಂಗಳೂರು. ಇವುಗಳಲ್ಲಿ ಬರಿಯ ‘ಮಂಗಳೂರು’ ಎಂಬ ಹೆಸರಿರುವ ಮೂರನೆಯದು ನಗರದೊಳಗಿನ ನಮ್ಮ ಹಂಪನಕಟ್ಟೆಯೂ ಅಲ್ಲ, ಕದ್ರಿಯೂ ಅಲ್ಲ. ನೇತ್ರಾವತಿಯ ಆಚೆಗಿರುವ ಉಳ್ಳಾಲ, ತೊಕ್ಕೊಟ್ಟು, ಕೊಣಾಜೆ, ಮುಡಿಪು ಕಡೆಯ ಊರುಗಳು. 2008ರ ಚುನಾವಣೆಗೆ ಮುಂಚೆ ಆ ಕ್ಷೇತ್ರಕ್ಕೆ ಉಳ್ಳಾಲವೆಂದೂ ಉತ್ತರದ ಕ್ಷೇತ್ರಕ್ಕೆ ಸುರತ್ಕಲ್ ಎಂದೂ ಹೆಸರಿತ್ತು, ಯಾರಿಗೂ ಗೊಂದಲವಿರಲಿಲ್ಲ. ಕ್ಷೇತ್ರ ಪುನರ್ವಿಂಗಡಣೆಯಾದಾಗ ಗಡಿಗಳ ಜತೆಗೆ ಹೆಸರುಗಳೂ ಬದಲಾದವು. ಅದೇ ಹೊತ್ತಿಗೆ ವಿಟ್ಲ ಮತ್ತು ಬ್ರಹ್ಮಾವರ ಕ್ಷೇತ್ರಗಳು ನಕ್ಷೆಯಿಂದಲೇ ಮಾಯವಾದವು. ಸ್ಥಳೀಯರ ಬಾಯಲ್ಲಿ ಇದ್ದ ಹೆಸರನ್ನು ತೆಗೆದು ಊರಿಗೆ ಹೊಂದದ ಹೆಸರನ್ನು ಇಟ್ಟವರು ಪತ್ರ ವಿಂಗಡಿಸುವವರ ಕಷ್ಟವನ್ನು ಯೋಚಿಸಿರಲಿಲ್ಲ ಎಂಬುದು ನನ್ನ ಹಳೆಯ ದೂರು. ಕೂಳೂರು ಉತ್ತರಕ್ಕೆ ಸೇರಿದ್ದು. ನಾನಿರುವ ಬಿಜೈ ದಕ್ಷಿಣಕ್ಕೆ. ಭಾವ ಪ್ರತಿ ಚುನಾವಣೆಯಲ್ಲಿಯೂ ತಪ್ಪದೆ ಮತ ಹಾಕಿದವರು; ಮತಗಟ್ಟೆಯ ಶಾಲೆ ಗೊತ್ತಿತ್ತು, ಚಿಹ್ನೆ ಗೊತ್ತಿತ್ತು, ಅಭ್ಯರ್ಥಿಯ ಮುಖವೂ ಗೊತ್ತಿತ್ತು, ಕ್ಷೇತ್ರದ ಹೆಸರು ಮಾತ್ರ ಗೊತ್ತಿರಲಿಲ್ಲ.

ಇದನ್ನು ಕೇವಲ ಭಾವನ ಅಜ್ಞಾನವೆಂದು ಹೇಳುವಂತಿಲ್ಲ. ನಮ್ಮ ಮೂಲಮನೆ ಬೈಂದೂರಿನ ಕಡೆ. ಅಲ್ಲಿನ ನನ್ನ ಚಿಕ್ಕಪ್ಪನ ಮಕ್ಕಳು ಉಡುಪಿ ಜಿಲ್ಲೆಯವರು, ಜಿಲ್ಲಾಧಿಕಾರಿಯನ್ನು ಕಾಣಲು ಮಣಿಪಾಲದ ರಜತಾದ್ರಿಗೆ ಬರಬೇಕು. ಆದರೆ ಅವರ ಲೋಕಸಭಾ ಕ್ಷೇತ್ರ ಘಟ್ಟದ ಮೇಲಿನ ಶಿವಮೊಗ್ಗ. ಉಡುಪಿ ಜಿಲ್ಲೆಯ ಉಳಿದ ನಾಲ್ಕು ಕ್ಷೇತ್ರಗಳಾದ ಕುಂದಾಪುರ, ಉಡುಪಿ, ಕಾಪು, ಕಾರ್ಕಳಗಳು ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳ ಜತೆ ಸೇರಿ ಉಡುಪಿ ಚಿಕ್ಕಮಗಳೂರು ಕ್ಷೇತ್ರವಾಗಿವೆ. ಕಡಲ ಕೊರೆತದ ಮಾತನ್ನೂ ಕಾಫಿ ತೋಟದ ಆನೆ ಕಾಟದ ಮಾತನ್ನೂ ಒಬ್ಬರೇ ಸಂಸದರು ದೆಹಲಿಯಲ್ಲಿ ಎತ್ತಬೇಕು. ದಕ್ಷಿಣ ಕನ್ನಡದಲ್ಲಿ ಮಾತ್ರ ಜಿಲ್ಲೆಯ ಎಂಟೂ ವಿಧಾನಸಭಾ ಕ್ಷೇತ್ರಗಳು ಒಂದೇ ಲೋಕಸಭಾ ಕ್ಷೇತ್ರದೊಳಗೆ ಅಚ್ಚುಕಟ್ಟಾಗಿ ಕೂರುತ್ತವೆ.

ಭಾವನ ಕತೆಗೆ ಮರಳುತ್ತೇನೆ. ಸರಿಯಾದ ಕ್ಷೇತ್ರ ಯಾವುದೆಂದು ತಿಳಿದುಕೊಂಡು ಎರಡನೆಯ ಮನವಿ ಹಿಡಿದು ಹೋದಾಗ, ಇದು ರಾಷ್ಟ್ರೀಯ ಹೆದ್ದಾರಿಯ ಚರಂಡಿ, ಹೆದ್ದಾರಿಯವರನ್ನೇ ಕೇಳಬೇಕು ಎಂಬ ಉತ್ತರ ಸಿಕ್ಕಿತು. ಅಲ್ಲಿಂದ ಹೋದ ಒಂದು ಕಚೇರಿಯಲ್ಲಿ, ಓಣಿಯ ತೋಡು ಸ್ಥಳೀಯ ಸಂಸ್ಥೆಯದು, ಅದನ್ನು ಅವರು ಅಗಲ ಮಾಡದೆ ನಮ್ಮ ನೀರು ಹರಿಯುವುದಾದರೂ ಎಲ್ಲಿಗೆ ಎಂದರು. ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ, ಚರಂಡಿ ಹೆದ್ದಾರಿಯವರದು ಎಂದರು. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಎಂಬುದೇ ವಿಚಿತ್ರ. ಹೆದ್ದಾರಿ ಕೇಂದ್ರದ್ದು, ಓಣಿಯ ತೋಡು ಪಾಲಿಕೆಯದು, ನೀರು ಮಾತ್ರ ಗಡಿ ನೋಡದೆ ಹರಿಯುತ್ತದೆ. ಉಡುಪಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂದ್ರಾಳಿಯ ರೈಲ್ವೆ ಮೇಲ್ಸೇತುವೆಯ ಕಾಮಗಾರಿ ವರ್ಷಗಟ್ಟಲೆ ಎಳೆದಾಗ, ಕೆಳಗೆ ಕೊಂಕಣ ರೈಲ್ವೆ, ಮೇಲೆ 169ಎ ರಾಷ್ಟ್ರೀಯ ಹೆದ್ದಾರಿ, ಸುತ್ತಮುತ್ತ ನಗರಸಭೆ ಎಂಬ ಸ್ಥಿತಿಯಲ್ಲಿ ಯಾರನ್ನು ಕೇಳುವುದೆಂದು ತಿಳಿಯದೆ ಅವರು ದಿನಾ ಅದೇ ಇಕ್ಕಟ್ಟಿನಲ್ಲಿ ದಾಟಿದವರು.

ಯಾವ ಕೆಲಸ ಯಾರದು ಎಂಬುದನ್ನು ತಿಳಿಯದೆ ಪ್ರತಿನಿಧಿಯ ಹೆಸರನ್ನಷ್ಟೇ ತಿಳಿದರೆ ಪ್ರಯೋಜನ ಕಡಿಮೆ ಎಂದು ನಾನು ಇದರಿಂದ ಕಲಿತೆ. ತುಂಬೆಯ ಕಿಂಡಿ ಅಣೆಕಟ್ಟಿನಿಂದ ನಮ್ಮ ನಲ್ಲಿಗೆ ಬರುವ ನೀರು, ಬೀದಿದೀಪ, ಕಸ, ಒಳಚರಂಡಿ, ಆಸ್ತಿ ತೆರಿಗೆ ಇವೆಲ್ಲ ಪಾಲಿಕೆಯ ಕೆಲಸಗಳು. ವಿದ್ಯುತ್ ಪೂರೈಸುವ ಮೆಸ್ಕಾಂ, ಸರಕಾರಿ ಶಾಲೆ, ವೆನ್ಲಾಕ್ ಆಸ್ಪತ್ರೆ, ಲೋಕೋಪಯೋಗಿ ಇಲಾಖೆಯ ರಸ್ತೆ, ಪೊಲೀಸು, ಕಂದಾಯ ಇವು ರಾಜ್ಯಕ್ಕೆ ಸೇರಿದವು. ಇವುಗಳ ಬಗ್ಗೆ ಕೇಳಬೇಕಾದವರು ಶಾಸಕರು. ಪಣಂಬೂರಿನ ಬಂದರು, ರಾಷ್ಟ್ರೀಯ ಹೆದ್ದಾರಿ, ರೈಲು ಕೇಂದ್ರದ ಕೈಯಲ್ಲಿವೆ. ರೈಲಿನಲ್ಲಿಯೂ ಒಂದು ತಿರುವಿದೆ. ಮಂಗಳೂರು ಸೆಂಟ್ರಲ್ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ್ದು, ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ಹೀಗಿರುವಾಗ ನಿಲ್ದಾಣದ ಶೌಚಾಲಯದ ಬಗ್ಗೆ ಕಾರ್ಪೊರೇಟರರನ್ನು ಬೈಯುವವರನ್ನೂ ಬೀದಿದೀಪಕ್ಕಾಗಿ ಸಂಸದರ ಮನೆ ಬಾಗಿಲಲ್ಲಿ ನಿಲ್ಲುವವರನ್ನೂ ನಾನು ಕಂಡಿದ್ದೇನೆ. ಜನಪ್ರತಿನಿಧಿಗಳೂ ‘ಇದು ನನ್ನದಲ್ಲ’ ಎಂದು ಹೇಳುವುದಕ್ಕೆ ಹಿಂಜರಿಯುತ್ತಾರೆ, ಏಕೆಂದರೆ ಹಾಗೆ ಹೇಳಿದವರು ಕೆಲಸ ಮಾಡದವರೆಂಬ ಹೆಸರು ಹೊತ್ತುಕೊಳ್ಳಬೇಕಾಗುತ್ತದೆ.

ಇದರ ಪರಿಣಾಮವಾಗಿ ಎಲ್ಲದಕ್ಕೂ ಶಾಸಕರು ಎಂಬುದು ನಮ್ಮ ಕರಾವಳಿಯ ರೂಢಿಯಾಗಿದೆ. ಅವರು ಬ್ರಹ್ಮಕಲಶೋತ್ಸವಕ್ಕೆ ಬರಬೇಕು, ಕೋಣಗಳು ಓಡುವ ಕಂಬಳದ ಕರೆ ಉದ್ಘಾಟಿಸಬೇಕು, ಮೊಸರುಕುಡಿಕೆಗೆ ಮುಖ ತೋರಿಸಬೇಕು, ಮದುವೆಯ ಊಟಕ್ಕೆ ಕೂರದಿದ್ದರೂ ವಧೂವರರ ಜತೆ ಚಿತ್ರ ತೆಗೆಸಿಕೊಳ್ಳಬೇಕು. ಸಾವಿನ ಮನೆಗೆ ಬಂದು ಹೋದ ಶಾಸಕರನ್ನು ನಾವು ವರ್ಷಗಟ್ಟಲೆ ನೆನೆಯುತ್ತೇವೆ. ನಾನಿದನ್ನು ಹೀಗಳೆಯುತ್ತಿಲ್ಲ, ಊರಿನ ಸುಖದುಃಖದಲ್ಲಿ ಕಾಣಿಸಿಕೊಳ್ಳುವವರು ಕಾಣಿಸಿಕೊಳ್ಳದವರಿಗಿಂತ ಮೇಲು. ಆದರೆ ಅದೇ ವ್ಯಕ್ತಿ ವಿಧಾನಸಭೆಯಲ್ಲಿ ಏನು ಕೇಳಿದರು ಎಂದು ನಮ್ಮಲ್ಲಿ ಎಷ್ಟು ಮಂದಿ ನೋಡುತ್ತೇವೆ? ರಾಜ್ಯದ 224 ಸದಸ್ಯರಲ್ಲಿ ನಮ್ಮ ಎರಡು ಜಿಲ್ಲೆಗಳವರು 13 ಮಂದಿ. ಅವರು ಕೇಳುವ ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಸಚಿವರು ಸದನದಲ್ಲಿಯೇ ಉತ್ತರಿಸಬೇಕು, ಚುಕ್ಕೆ ಗುರುತಿಲ್ಲದವಕ್ಕೆ ಲಿಖಿತ ಉತ್ತರ ಬರುತ್ತದೆ. ಈ ಪ್ರಶ್ನೋತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಕನ್ನಡದಲ್ಲಿಯೇ ಸಿಗುತ್ತವೆ, ಕಲಾಪದ ನೇರ ಪ್ರಸಾರವೂ ಇದೆ. ಮೊಮ್ಮಗಳ ಸಹಾಯದಿಂದ ನಾನು ಒಂದು ಸಂಜೆ ಅವುಗಳನ್ನು ಓದುತ್ತ ಕೂತೆ. ಸಭೆಗಳಲ್ಲಿ ಬಹಳ ಮಾತನಾಡುವ ಕೆಲವರು ಅಲ್ಲಿ ಮಿತಭಾಷಿಗಳು. ಊರಿಗೇ ಬರುವುದಿಲ್ಲವೆಂದು ನಾವು ಯಾರನ್ನು ದೂರುತ್ತಿದ್ದೆವೋ ಅವರು ಮೀನುಗಾರಿಕೆ ಬಂದರಿನ ಹೂಳಿನ ಬಗ್ಗೆ, ಅಡಿಕೆಯ ರೋಗದ ಬಗ್ಗೆ ಇಲಾಖೆಯನ್ನು ಕೆದಕಿ ಕೆದಕಿ ಕೇಳಿದ್ದಾರೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪ್ರಶ್ನೆಗಳ ಸಂಖ್ಯೆಯನ್ನೇ ಅಂಕಪಟ್ಟಿ ಮಾಡುವುದು ಸರಿಯಲ್ಲ. 2023ರ ಮೇ ತಿಂಗಳಿನಿಂದ ವಿಧಾನಸಭಾಧ್ಯಕ್ಷರಾಗಿರುವ ಯು.ಟಿ. ಖಾದರ್ ಅವರು ನಮ್ಮ ಜಿಲ್ಲೆಯ ಶಾಸಕರೇ; ಪೀಠದಲ್ಲಿ ಕೂತವರು ಪ್ರಶ್ನೆ ಕೇಳುವಂತಿಲ್ಲ. ಸಚಿವರಾದವರು ಉತ್ತರ ಕೊಡುವವರೇ ಹೊರತು ಕೇಳುವವರಲ್ಲ. ಜಿಲ್ಲಾ ಉಸ್ತುವಾರಿ ಸಚಿವರಂತೂ ಬೇರೆಯೇ ಬಗೆ: ಅವರು ನಮ್ಮ ಜಿಲ್ಲೆಯಿಂದ ಆಯ್ಕೆಯಾದವರೇ ಆಗಿರಬೇಕೆಂದಿಲ್ಲ, ಆದರೂ ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳ ಲೆಕ್ಕ ಕೇಳುವುದು ಅವರೇ. ಕೇಂದ್ರದ ಯೋಜನೆಗಳ ಲೆಕ್ಕ ಕೇಳುವ ‘ದಿಶಾ’ ಸಭೆಗೆ ಸಂಸದರು ಅಧ್ಯಕ್ಷರು. ಭಾವನ ಚರಂಡಿಗೆ ನಿಜವಾಗಿ ಜಾಗವಿದ್ದದ್ದು ಈ ಸಭೆಯಲ್ಲಿ. ಅದು ನಡೆಯುವ ಸಂಗತಿ ನಮಗೆ ತಿಳಿಯುವುದು ಮಾರನೆಯ ದಿನದ ಪತ್ರಿಕೆಯಲ್ಲಿ, ಅಧಿಕಾರಿಗಳಿಗೆ ತರಾಟೆ ಎಂಬ ತಲೆಬರಹದ ಕೆಳಗೆ.

ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದು 5 ಕೋಟಿ. ಬಸ್ ತಂಗುದಾಣದ ಮೇಲೆ ದೊಡ್ಡದಾಗಿ ಬರೆಸುವ ಹೆಸರು ಈ ಹಣದ್ದು. ಇಡೀ ಕ್ಷೇತ್ರಕ್ಕೆ ಹಂಚಿದರೆ ಇದು ದೊಡ್ಡ ಮೊತ್ತವೇನಲ್ಲ ಎಂದು ತಿಳಿದವರು ತಂಗುದಾಣಕ್ಕೆ ಕೃತಜ್ಞರಾಗಿದ್ದುಕೊಂಡೇ, ಇಲಾಖೆಗಳ ಮೂಲಕ ಬರುವ ನೂರಾರು ಕೋಟಿಯ ಬಗ್ಗೆ ಏನು ಮಾಡಿದಿರಿ ಎಂದು ಕೇಳಬಲ್ಲರು.

ಈಗ ನಗರದ ಮಾತಿಗೆ ಬರುತ್ತೇನೆ, ನನ್ನನ್ನು ಹೆಚ್ಚು ಕಾಡುವುದು ಅದೇ. ನಿಮ್ಮ ಕಾರ್ಪೊರೇಟರ್ ಯಾರು ಎಂದು ನಮ್ಮ ಓಣಿಯಲ್ಲಿ ಕೇಳಿದರೆ ಇಂದಿಗೂ ಹಳೆಯ ಸದಸ್ಯರ ಹೆಸರು ಹೇಳುವವರಿದ್ದಾರೆ. ಅದು ತಪ್ಪು ಉತ್ತರ. ಸರಿಯಾದ ಉತ್ತರ, ಯಾರೂ ಇಲ್ಲ ಎಂಬುದು. ಮಂಗಳೂರು ಮಹಾನಗರ ಪಾಲಿಕೆಯ 60 ವಾರ್ಡುಗಳಿಗೆ ಚುನಾವಣೆ ನಡೆದದ್ದು 2019ರ ನವೆಂಬರ್‌ನಲ್ಲಿ. ಮೇಯರ್ ಆಯ್ಕೆಯಾಗಿ ಮೊದಲ ಸಭೆ ಸೇರಿದ್ದು 2020ರ ಫೆಬ್ರವರಿಯಲ್ಲಿ. ಐದು ವರ್ಷದ ಲೆಕ್ಕ ಆ ಸಭೆಯಿಂದ ಶುರುವಾಗುವುದರಿಂದ 2025ರ ಫೆಬ್ರವರಿ ಕೊನೆಗೆ ಅವಧಿ ಮುಗಿಯಿತು. ಅಂದಿನಿಂದ ಆಡಳಿತಾಧಿಕಾರಿಯ ಕಾಲ. ಆ ಐದು ವರ್ಷಗಳಲ್ಲಿ ಐವರು ಮೇಯರ್‌ಗಳಾದರು, ವರ್ಷಕ್ಕೊಬ್ಬರು. ಮೇಯರರ ಹೆಸರು ಜನರಿಗೆ ಪರಿಚಯವಾಗುವಷ್ಟರಲ್ಲಿ ನಾಮಫಲಕ ಬದಲಾಗುತ್ತಿತ್ತು. ಅವಧಿ ಮುಗಿಯುವ ಮುನ್ನವೇ ಮುಂದಿನ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿ ಹೇಳುತ್ತದೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಗತಿ ಇದಕ್ಕಿಂತ ಕಡೆ. 2016ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರಲ್ಲಿಯೇ ಮುಗಿದರೂ ಆ ಕುರ್ಚಿಗಳು ಖಾಲಿಯೇ ಇವೆ. ಮೊದಲ ಬಾರಿ ಮತ ಹಾಕುವ ಹುಡುಗರಿಗೆ ಜಿಲ್ಲಾ ಪಂಚಾಯಿತಿ ಸದಸ್ಯ ಎಂಬ ಒಬ್ಬ ಮನುಷ್ಯ ಇರುತ್ತಾನೆ ಎಂಬುದನ್ನೇ ಪಾಠ ಮಾಡಿ ಹೇಳಬೇಕಾದ ಸ್ಥಿತಿ ಬಂದಿದೆ.

ಕಾರ್ಪೊರೇಟರ್ ಇಲ್ಲದಿದ್ದರೂ ಕಸದ ಗಾಡಿ ಬರುತ್ತದಲ್ಲ, ನಷ್ಟವೇನು ಎಂದು ಕೇಳುವವರಿದ್ದಾರೆ. ಎಂಟು ಸಾವಿರ ಜನರ ಒಂದು ವಾರ್ಡಿಗೆ ಒಬ್ಬ ಮನುಷ್ಯನಿದ್ದಾಗ ಅವನನ್ನು ಹಾಲಿನ ಬೂತಿನ ಎದುರು ಹಿಡಿದು ನಿಲ್ಲಿಸಬಹುದಿತ್ತು. ಆಡಳಿತಾಧಿಕಾರಿಯನ್ನು ಹಾಗೆ ನಿಲ್ಲಿಸಲು ಬರುವುದಿಲ್ಲ. ನಾಗರಿಕರ ಬಹುಕಾಲದ ಒತ್ತಾಯದ ನಂತರ ರಚನೆಯಾದ ವಾರ್ಡ್ ಸಮಿತಿಗಳಿಗೆ ಕಾರ್ಪೊರೇಟರರೇ ಅಧ್ಯಕ್ಷರು, ಅವರಿಲ್ಲದೆ ಸಭೆ ಕರೆಯುವವರಿಲ್ಲ. ನಮ್ಮ ಕಡೆಯ ದೊಡ್ಡ ನಾಯಕರಲ್ಲಿ ಕೆಲವರನ್ನು ಜನ ಮೊದಲು ಗುರುತಿಸಿದ್ದೂ ಈ ಮೆಟ್ಟಿಲಲ್ಲಿಯೇ. ಮುಂದೆ ರಾಜ್ಯದ ಗೃಹ ಸಚಿವರಾದ ಡಾ. ವಿ.ಎಸ್. ಆಚಾರ್ಯರು 1968ರಲ್ಲಿ ಉಡುಪಿ ಪುರಸಭೆಯ ಅಧ್ಯಕ್ಷರಾದವರು, ಮಲ ಹೊರುವ ಪದ್ಧತಿಯನ್ನು ಆ ಪಟ್ಟಣದಲ್ಲಿ ನಿಲ್ಲಿಸಿದವರು. ಕೇಂದ್ರ ಸಚಿವರಾದ ಆಸ್ಕರ್ ಫೆರ್ನಾಂಡಿಸ್ ಅವರೂ ಅದೇ ಪುರಸಭೆಯ ಸದಸ್ಯರಾಗಿಯೇ ಆರಂಭಿಸಿದವರು. ಇಬ್ಬರ ಪಕ್ಷಗಳು ಬೇರೆ, ಹತ್ತಿದ ಮೊದಲ ಮೆಟ್ಟಿಲು ಒಂದೇ.

ಹಳ್ಳಿಗಳಲ್ಲಿ ಸ್ಥಿತಿ ಇಷ್ಟು ಕೆಟ್ಟಿಲ್ಲ. ಸರಾಸರಿ 400 ಜನರಿಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ ಇರುವುದರಿಂದ ಅವನ ಮನೆ, ಗದ್ದೆ, ಸ್ವಭಾವ ಎಲ್ಲವೂ ಎಲ್ಲರಿಗೂ ಗೊತ್ತು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬ ನಿಯಮವಿದೆ. ಸಭೆಗೆ ಹೋಗುವುದು ಮಾತ್ರ ಮನೆ ಮಂಜೂರಾತಿಗೆ ಅರ್ಜಿ ಹಾಕಿದವರ ಕೆಲಸವೆಂದು ಉಳಿದವರು ತಿಳಿದಿದ್ದಾರೆ.

ವಿಧಾನ ಪರಿಷತ್ತಿನ ಸದಸ್ಯರನ್ನಂತೂ ನಾವು ಪೂರ್ತಿ ಮರೆತಿದ್ದೇವೆ. ಜಿಲ್ಲೆ ಎರಡಾಗಿ 1997ರಲ್ಲಿ ಉಡುಪಿ ಪ್ರತ್ಯೇಕವಾದರೂ, ಎರಡೂ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳಿಗೆ ಇಂದಿಗೂ ಒಂದೇ ಕ್ಷೇತ್ರ, ಇಬ್ಬರು ಸದಸ್ಯರು. ಅವರಿಗೆ ಮತ ಹಾಕುವವರು ಪಂಚಾಯಿತಿ, ಪಾಲಿಕೆ, ನಗರಸಭೆಗಳ ಸದಸ್ಯರು. ಆ ಸದಸ್ಯರೇ ಇಲ್ಲದ ಕಡೆ ನಮ್ಮ ಪರೋಕ್ಷ ಮತವೂ ಹೋಯಿತು ಎಂಬುದನ್ನು ಯಾರೂ ಲೆಕ್ಕ ಹಾಕಿದಂತಿಲ್ಲ. ಇವರಲ್ಲದೆ ನೈಋತ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಿಂದ ಒಬ್ಬೊಬ್ಬರು ಇದ್ದಾರೆ; 2024ರ ಜೂನ್‌ನಲ್ಲಿ ಅವಕ್ಕೆ ಚುನಾವಣೆ ನಡೆಯಿತು. ಪದವೀಧರ ಕ್ಷೇತ್ರದ ಪಟ್ಟಿ ಮಾಮೂಲಿ ಮತದಾರರ ಪಟ್ಟಿಯಂತೆ ಮುಂದುವರಿಯುವುದಿಲ್ಲ, ಪ್ರತಿ ಚುನಾವಣೆಗೂ ನಮೂನೆ 18ರಲ್ಲಿ ಹೊಸದಾಗಿ ಅರ್ಜಿ ಕೊಡಬೇಕು. ಮನೆಮನೆಯಲ್ಲಿ ಪದವೀಧರರಿರುವ ನಮ್ಮ ಜಿಲ್ಲೆಯಲ್ಲಿ ನನಗೆ ತಿಳಿದ ಪದವೀಧರರಲ್ಲಿ ಆ ಅರ್ಜಿ ಕೊಟ್ಟವರು ಬೆರಳೆಣಿಕೆಯಷ್ಟು. ನಾನೂ ಕೊಟ್ಟಿರಲಿಲ್ಲ.

ಹಾಗಾದರೆ ನಮಗೆ ಪ್ರತಿನಿಧಿಗಳ ಪರಿಚಯವಾಗುವುದು ಎಲ್ಲಿಂದ? ಫ್ಲೆಕ್ಸ್‌ಗಳಿಂದ, ಶಿಲಾನ್ಯಾಸದ ಕಲ್ಲುಗಳಿಂದ. ಸರಕಾರಿ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಲ್ಲಿ ಶಿಷ್ಟಾಚಾರದ ಪ್ರಕಾರ ಸಚಿವರು, ಸಂಸದರು, ಶಾಸಕರು, ಪರಿಷತ್ ಸದಸ್ಯರು, ಮೇಯರ್, ಸ್ಥಳೀಯ ಸದಸ್ಯರು ಎಂದು ಸಾಲಾಗಿ ಹೆಸರುಗಳಿರುತ್ತವೆ. ನಗಬೇಡಿ, ಒಂದು ಊರಿನ ಎಲ್ಲ ಪ್ರತಿನಿಧಿಗಳ ಹೆಸರು ಒಂದೇ ಕಡೆ ಸಿಗುವ ಕಾಗದ ನಮ್ಮಲ್ಲಿ ಸದ್ಯಕ್ಕೆ ಅದೊಂದೇ. ನಾನು ಅಂಥ ಎರಡು ಪತ್ರಿಕೆಗಳನ್ನು ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ. ಅಭ್ಯರ್ಥಿಗಳು ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿದೆ. ಆಸ್ತಿ, ಸಾಲ, ವಿದ್ಯಾಭ್ಯಾಸ, ಮೇಲಿರುವ ಮೊಕದ್ದಮೆಗಳು ಎಲ್ಲವನ್ನೂ ಅದರಲ್ಲಿ ಓದಬಹುದು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದ ಸಿಕ್ಕ ಈ ಸೌಲಭ್ಯವನ್ನು ನಾವು ಬಳಸಿದ್ದು ಯಾರ ಬಳಿ ಎಷ್ಟು ಬಂಗಾರವಿದೆ ಎಂದು ಚುನಾವಣೆಯ ವಾರದಲ್ಲಿ ಮಾತನಾಡಿಕೊಳ್ಳುವುದಕ್ಕೆ ಮಾತ್ರ.

ಇಷ್ಟು ಬರೆದದ್ದು ತಮ್ಮ ಪತ್ರಿಕೆಗೆ ಒಂದು ವಿನಂತಿ ಮಾಡುವುದಕ್ಕಾಗಿ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಎರಡು ಜಿಲ್ಲೆಗಳ 13 ಕ್ಷೇತ್ರಗಳಿಗೆ ಒಂದೊಂದು ಪುಟ ಕೊಡಿ. ಯಾವ ಯಾವ ಊರು ಮತ್ತು ವಾರ್ಡು ಆ ಕ್ಷೇತ್ರಕ್ಕೆ ಸೇರುತ್ತದೆ, ಸಂಸದರು ಯಾರು, ಶಾಸಕರ ಕಚೇರಿಯ ವಿಳಾಸ ಮತ್ತು ಅವರು ಸಿಗುವ ವಾರ ಯಾವುದು, ಪರಿಷತ್ ಸದಸ್ಯರು ಯಾರು, ಯಾವ ರಸ್ತೆ ಯಾರ ಸುಪರ್ದಿಯಲ್ಲಿದೆ ಎಂಬುದಿಷ್ಟು ಅದರಲ್ಲಿ ಇರಲಿ. ಸದಸ್ಯರಿಲ್ಲದ ಕುರ್ಚಿಯ ಎದುರು ‘ಖಾಲಿ’ ಎಂದೇ ಅಚ್ಚು ಹಾಕಿ, ಎಂದಿನಿಂದ ಖಾಲಿ ಎಂಬ ತಾರೀಖಿನೊಂದಿಗೆ. ಅಧಿವೇಶನ ಮುಗಿದ ಮೇಲೆ ನಮ್ಮವರು ಕೇಳಿದ ಪ್ರಶ್ನೆಗಳನ್ನೂ ಬಂದ ಉತ್ತರಗಳನ್ನೂ ಒಂದೆರಡು ಕಾಲಂನಲ್ಲಿ ಕೊಡಿ. ಬೆಳಗಾವಿಯಲ್ಲಿ ಯಾರು ಯಾರ ಮೇಲೆ ಕೂಗಾಡಿದರು ಎಂಬುದು ಟಿ.ವಿ.ಯಲ್ಲಿ ಹೇಗೂ ಬರುತ್ತದೆ. ಕೆಡಿಪಿ ಮತ್ತು ದಿಶಾ ಸಭೆಗಳ ದಿನಾಂಕವನ್ನು ಸಭೆಗೆ ಒಂದು ವಾರ ಮುಂಚೆ ಪ್ರಕಟಿಸಿದರೆ ಭಾವನಂಥವರು ತಮ್ಮ ಮನವಿಯನ್ನು ಹೊತ್ತಿಗೆ ಸರಿಯಾಗಿ ತಲುಪಿಸಿಯಾರು. ಇದಕ್ಕೆ ಜಾಹೀರಾತು ಸಿಗುವುದು ಕಷ್ಟವೆಂದು ನನಗೂ ಗೊತ್ತು. ಆದರೂ ಆ ಪುಟವನ್ನು ಕತ್ತರಿಸಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡುವ ಓದುಗರು ನಿಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಭಾವ ಕಳೆದ ವಾರ ನಾಲ್ಕನೆಯ ಮನವಿ ಬರೆದರು. ಈ ಬಾರಿ ಮೂರು ಪುಟವಿರಲಿಲ್ಲ, ಒಂದೇ ಪುಟ. ಸಂಸದರಿಗೆ ಒಂದು, ಕ್ಷೇತ್ರ ಸಂಖ್ಯೆ 202 ಎಂದು ಸ್ಪಷ್ಟವಾಗಿ ನಮೂದಿಸಿ ಶಾಸಕರಿಗೆ ಒಂದು, ಪಾಲಿಕೆಯ ಆಡಳಿತಾಧಿಕಾರಿಗೆ ಒಂದು. ಮೂರಕ್ಕೂ ಉಳಿದಿಬ್ಬರಿಗೆ ಪ್ರತಿ ಕಳುಹಿಸಿದೆ ಎಂಬ ಸಾಲನ್ನು ಸೇರಿಸಿದ್ದು ನನ್ನ ಸಲಹೆ. 2025ರ ಸೆಪ್ಟೆಂಬರ್‌ನಿಂದ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಲೀನವಾಗಿರುವುದರಿಂದ ಮೂರನ್ನೂ ಸ್ಪೀಡ್ ಪೋಸ್ಟಿನಲ್ಲಿಯೇ ಕಳುಹಿಸಿದೆವು. ಮೂರೂ ತಲುಪಿವೆ ಎಂದು ಅಂಚೆಯ ಜಾಲತಾಣ ತೋರಿಸುತ್ತಿದೆ. ತೋಡಿನ ಕೆಲಸ ಇನ್ನೂ ಶುರುವಾಗಿಲ್ಲ.

ಇತಿ,
ನಿವೃತ್ತ ಅಂಚೆ ನೌಕರ,
ಬಿಜೈ, ಮಂಗಳೂರು